ಪಾಠದ ಸಿನಿಮಾಕ್ಕೆ ಬಾಯಿ ಹಾಕಿದ್ದು

ಕೆಲವರಿಗೆ ಬಸ್ಸಿನಲ್ಲಿ ಕೂತರೆ ವಾಂತಿ ಬರುತ್ತದೆ, ನನಗೆ ಟೀವಿ ಮುಂದೆ ಕೂತರೆ ಮಾತು ಬರುತ್ತದೆ. ಎರಡೂ ತಡೆಯಲಾಗದ ಕಾಯಿಲೆಗಳೇ. ವಾಂತಿಗಾದರೆ ಮಾತ್ರೆ ಇದೆ, ನಿಂಬೆಹಣ್ಣಿದೆ. ನನ್ನ ಕಾಯಿಲೆಗೆ ಮನೆಯವರು ಕಂಡುಹಿಡಿದ ಮದ್ದು ಒಂದೇ, ನನ್ನನ್ನು ಟೀವಿ ಇರುವ ಕೋಣೆಯಿಂದ ಎಬ್ಬಿಸುವುದು. ಒಂದು ಧಾರಾವಾಹಿಯಲ್ಲಿ ಅತ್ತೆಯ ಹಾಲಿಗೆ ಸೊಸೆ ವಿಷ ಬೆರೆಸುತ್ತಿದ್ದಳು. ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ನಾನು, ‘ಹಂಗೆ ಮೇಲ್ಮೇಲೆ ಕಲಕಿದ್ರೆ ತಳದಲ್ಲೇ ಕೂತಿರ್ತದೆ ಕಣೆ, ಅಡಿಯಿಂದ ತಿರುಗ್ಸು’ ಎಂದುಬಿಟ್ಟೆ. ನನ್ನ ಸೊಸೆ ಲತಾ ತಿರುಗಿ ನನ್ನ ಮುಖ ನೋಡಿದಳು. ಅವತ್ತಿನಿಂದ ಧಾರಾವಾಹಿಯ ಹೊತ್ತಿಗೆ ನನಗೆ ವರಾಂಡದಲ್ಲಿ ಕುರ್ಚಿ. ದಿನಾ ನನಗೆ ಹಾಲು ಕೊಡುವವಳು ಅವಳು. ನ್ಯಾಯವಾಗಿ ಅನುಮಾನ ನನಗೆ ಬರಬೇಕಿತ್ತು, ಅವಳಿಗೆ ಬಂತು.

ಹೀಗೆ ವರಾಂಡಕ್ಕೆ ಬಿದ್ದಿದ್ದ ನನ್ನನ್ನು ಕರೆದು ಮರ್ಯಾದೆಯಾಗಿ ಕೂರಿಸಿದವಳು ಮೂರನೇ ಮಹಡಿಯ ಬಾಡಿಗೆಯ ಹುಡುಗಿ ಸುಪ್ರಿಯಾ. ನಮ್ಮದು ಬೆಂಗಳೂರಿನ ಯಡಿಯೂರು. ನಾನು ಸೊಸೆಯಾಗಿ ಬಂದಾಗ ಈ ಜಾಗದಲ್ಲಿ ರಾಗಿ ಬೆಳೆಯುತ್ತಿತ್ತು, ಈಗ ಬಾಡಿಗೆದಾರರು ಬೆಳೆಯುತ್ತಾರೆ. ರಾಗಿಗೆ ಮಳೆ ಸಾಕಿತ್ತು, ಇವರಿಗೆ ಕಾವೇರಿ ನೀರೇ ಆಗಬೇಕು, ಅಷ್ಟೇ ವ್ಯತ್ಯಾಸ. ಸುಪ್ರಿಯಾ ಮನೆ ಕೇಳಿಕೊಂಡು ಬಂದ ದಿನ ನನ್ನ ಮಗ ಮಂಜುನಾಥ ಏನು ಕೆಲಸ ಎಂದು ವಿಚಾರಿಸಿದ. ಪಾಠದ ಸಿನಿಮಾ ಮಾಡುತ್ತೇವೆ ಎಂದಳು. ಯಾವ ಪಾಠ, ಲೆಕ್ಕವೋ ವಿಜ್ಞಾನವೋ ಎಂದ. ಹೆಣ್ಣು ಗಂಡು ಸಮ ಅನ್ನುವುದು, ವಯಸ್ಸಿಗೆ ಬಂದಾಗ ಮೈಯಲ್ಲಿ ಮನಸ್ಸಿನಲ್ಲಿ ಆಗುವುದು, ಗಂಡಹೆಂಡತಿ ನಡುವಿನದು, ಗಂಡೆಂದು ಬೆಳೆಸಿದ ಮಗು ತಾನು ಹೆಣ್ಣು ಎನ್ನುವುದು, ಇಂಥವನ್ನೆಲ್ಲ ಶಾಲೆಗಳಿಗೂ ಮಹಿಳಾ ಸಂಘಗಳಿಗೂ ತೋರಿಸುವುದಕ್ಕೆ ಎಂದು ತರಕಾರಿ ಹೆಸರು ಹೇಳಿದ ಹಾಗೆ ಹೇಳಿದಳು. ಮಂಜುನಾಥನಿಗೆ ಕೆಮ್ಮು ಬಂತು. ನನ್ನನ್ನು ಒಳಗೆ ಕರೆದು, ಅಮ್ಮ, ಇದು ಸಂಸಾರಸ್ಥರ ಮನೆ ಎಂದ. ಅವಳು ಹೇಳಿದ್ದರಲ್ಲಿ ಯಾವುದು ಸಂಸಾರಸ್ಥರ ಮನೆಯಲ್ಲಿ ನಡೆಯುವುದಿಲ್ಲಪ್ಪ, ನೀನು ಎಲ್ಲಿಂದ ಬಂದೆ ಎಂದು ಕೇಳಿದೆ. ಕೆಮ್ಮು ಜಾಸ್ತಿಯಾಯಿತು. ಮನೆ ಕೊಟ್ಟೆವು.

ನಾನು ವರಾಂಡದಿಂದಲೇ ಒಳಗಿನ ಟೀವಿಗೆ ಬೈಯುವುದನ್ನು ಸುಪ್ರಿಯಾ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳಂತೆ. ನಮ್ಮ ಸಿನಿಮಾ ನೋಡಿದವರೆಲ್ಲ ಚೆನ್ನಾಗಿದೆ ಅಂತ ಹೇಳಿ ಕಾಫಿ ಕುಡಿದು ಹೋಗುತ್ತಾರೆ ಅಜ್ಜಿ, ಹೊರಗೆ ಕಳಿಸುವ ಮುಂಚೆ ನಿಜ ಹೇಳುವವರು ಒಬ್ಬರು ಬೇಕು, ನೀವು ಬನ್ನಿ ಎಂದಳು. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ಎಂದೆ. ನಿಮಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂದಳು. ಇದು ಹೊಗಳಿಕೆಯೋ ಬೈಗುಳವೋ ಎಂದು ಯೋಚಿಸುತ್ತಲೇ ಮೆಟ್ಟಿಲು ಹತ್ತಿದೆ.

ಮೊದಲನೆಯದು ಮನೆಗೆಲಸವನ್ನು ಗಂಡಹೆಂಡತಿ ಹಂಚಿಕೊಳ್ಳಬೇಕು ಎನ್ನುವ ಸಿನಿಮಾ. ಗಂಡ ಪಾತ್ರೆ ತೊಳೆಯುತ್ತಾನೆ, ಹೆಂಡತಿ ಆಫೀಸಿನಿಂದ ಬಂದವಳು ಅದನ್ನು ಕಂಡು ಬಾಗಿಲಲ್ಲೇ ನಿಂತು ಕಣ್ಣೀರು ಹಾಕುತ್ತಾಳೆ. ಇವನು ಸೌಟಿನ ಹಿಡಿಯನ್ನೇ ತೊಳೆಯುತ್ತಿದ್ದಾನೆ, ಅನ್ನ ಅಂಟಿರುವ ಕಡೆ ಕೈಯೇ ಹಾಕಿಲ್ಲ ಎಂದೆ. ಅದು ಹೋಗಲಿ, ಇವಳು ಯಾಕೆ ಅಳುವುದು? ನಾನು ಇಷ್ಟು ವರ್ಷ ಪಾತ್ರೆ ತೊಳೆದೆ, ಬಾಗಿಲಲ್ಲಿ ನಿಂತು ಒಬ್ಬರೂ ಅಳಲಿಲ್ಲವಲ್ಲ ಎಂದೆ. ಸುಪ್ರಿಯಾ ಅಳುವ ಭಾಗವನ್ನು ಕಿತ್ತುಹಾಕಿದಳು. ಈಗ ಸಿನಿಮಾದ ಹೆಂಡತಿ ಬರುತ್ತಾಳೆ, ಚಪ್ಪಲಿ ಬಿಡುತ್ತಾಳೆ, ಊಟ ಏನು ಎಂದು ಕೇಳುತ್ತಾಳೆ. ಗಂಡಸರು ಕೇಳುವ ಹಾಗೆ.

ಎರಡನೆಯದು ಮದುವೆಯಾದವರ ವಿಷಯ. ಕೋಣೆಯ ಬಾಗಿಲು ಮುಚ್ಚಿದ ತಕ್ಷಣ ಒಂದು ಹೂವು ತೋರಿಸಿದರು, ಅದರ ಮೇಲೆ ಒಂದು ಚಿಟ್ಟೆ. ನಾವು ಹೊಲದವರಮ್ಮ, ದನ ಕಟ್ಟಿದವರು, ಚಿಟ್ಟೆ ತೋರಿಸಿದರೆ ನಮಗೆ ಚಿಟ್ಟೆ ಅಂತಲೇ ಅರ್ಥವಾಗುವುದು, ನೇರ ಹೇಳು ಎಂದೆ. ಮುಂದಿನ ಸಲ ಹೋದಾಗ ಚಿಟ್ಟೆ ಹಾರಿಹೋಗಿತ್ತು. ಒಬ್ಬ ಡಾಕ್ಟರಮ್ಮ ಕೂತು ಮೈಯಲ್ಲಿ ಯಾವುದು ಏನು, ಯಾಕಿದೆ, ಹೆಂಗಸಿಗೂ ಅದರಲ್ಲಿ ಸುಖ ಉಂಟು, ಬೇಡವಾದ ದಿನ ಬೇಡ ಎನ್ನುವ ಹಕ್ಕೂ ಉಂಟು ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಮದುವೆಯ ರಾತ್ರಿ ನನಗೆ ನನ್ನ ಚಿಕ್ಕಮ್ಮ ಹೇಳಿಕೊಟ್ಟ ಪಾಠ ಇಷ್ಟೇ, ಅವನು ಹೇಳಿದ ಹಾಗೆ ಕೇಳು, ಕಿರುಚಬೇಡ. ಅದೇ ಚಿಕ್ಕಮ್ಮ ಹಸು ಕರೆಯುವುದನ್ನು ಕಲಿಸುವಾಗ ಎಷ್ಟೋ ದಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಹೀಗೆ ಹಿಡಿ, ಅದನ್ನು ನೋಯಿಸಬೇಡ, ಒದೆಯುತ್ತದೆ ಎಂದು ತಿದ್ದಿದ್ದಳು. ಹಸುವಿಗೆ ಇದ್ದ ಅನುಕೂಲ ನನಗಿರಲಿಲ್ಲ. ನಮ್ಮ ಯಜಮಾನರು ಕೆಟ್ಟವರಲ್ಲ, ಪಾಪ, ಅವರಿಗೂ ಯಾರು ಹೇಳಿಕೊಟ್ಟಿದ್ದರು. ಇಬ್ಬರು ದಡ್ಡರು ಕತ್ತಲೆಯಲ್ಲಿ ತಡಕಾಡಿ ನಾಲ್ಕು ಮಕ್ಕಳನ್ನು ಹೆತ್ತೆವು. ಹೆಂಡತಿ ಬೇಡ ಎನ್ನಬಹುದು ಎಂದು ಎಪ್ಪತ್ತು ದಾಟಿದ ಮೇಲೆ ನನಗೆ ತಿಳಿಯಿತು. ಈಗ ಅನ್ನೋಣ ಎಂದರೆ ಕೇಳಬೇಕಾದವರು ಹಾರ ಹಾಕಿಸಿಕೊಂಡು ಗೋಡೆ ಮೇಲಿದ್ದಾರೆ. ಆದರೂ ತಿಳಿದದ್ದು ಒಳ್ಳೆಯದಾಯಿತು. ಈ ಮೈಯನ್ನು ಇಷ್ಟು ಕಾಲ ಹೊತ್ತವಳು ನಾನು, ಅದರ ವಿಳಾಸ ಹೇಳಲು ಒಬ್ಬ ಬಾಡಿಗೆ ಹುಡುಗಿ ಬರಬೇಕಾಯಿತು. ಬಂದಳಲ್ಲ, ಅದು ದೊಡ್ಡದು.

ಮೂರನೆಯದನ್ನು ನೋಡುವಾಗ ನನ್ನ ಬಾಯಿ ನನ್ನನ್ನು ಸಿಕ್ಕಿಸಿಹಾಕಿತು. ಪರದೆಯ ಮೇಲೆ ಒಬ್ಬ ಎತ್ತರದ ಹುಡುಗಿ ಸೀರೆ ಉಟ್ಟು ಕೆರೆಯ ಏರಿಯ ಮೇಲೆ ನಡೆಯುತ್ತಾ ತನ್ನ ಕಥೆ ಹೇಳುತ್ತಿದ್ದಳು. ಗಂಡುಮಗು ಎಂದು ಹೆಸರಿಟ್ಟು ಬೆಳೆಸಿದರಂತೆ. ಬುದ್ಧಿ ಬಂದಾಗಿನಿಂದ ತಾನು ಹೆಣ್ಣೇ ಎಂದು ಅವಳಿಗೆ ಗೊತ್ತಿತ್ತಂತೆ. ಬಾಯಿಬಿಟ್ಟು ಹೇಳಿದ ದಿನ ಅಪ್ಪ ಹೊಡೆದರಂತೆ, ಅಮ್ಮ ಗೋಡೆ ಕಡೆ ತಿರುಗಿ ಕೂತರಂತೆ, ಇವಳು ಹೊರಟುಬಂದಳಂತೆ. ಇಷ್ಟು ಹೊತ್ತಿಗೆ ನನ್ನ ಕಣ್ಣು ಅವಳ ಸೀರೆಗೆ ಹೋಗಿತ್ತು. ಎಡಕ್ಕೆ ತಿರುಗಬೇಕಾದ ನೆರಿಗೆ ಅಷ್ಟೂ ಬಲಕ್ಕೆ ತಿರುಗಿತ್ತು. ‘ಇದೇನು ಉಟ್ಕೊಂಡಿದ್ದಾಳೆ, ನೆರಿಗೆ ಉಲ್ಟಾ. ತಾಯಿ ಅನ್ನೋಳು ಹೇಳ್ಕೊಡ್ಲಿಲ್ವಾ ಇವಳಿಗೆ?’ ಎಂದೆ.

‘ಇಲ್ಲ ಅಜ್ಜಿ, ಹೇಳ್ಕೊಡ್ಲಿಲ್ಲ’ ಎಂದು ನನ್ನ ಬೆನ್ನ ಹಿಂದಿನಿಂದ ದನಿ ಬಂತು.

ತಿರುಗಿದರೆ ಅದೇ ಹುಡುಗಿ, ಕೈಯಲ್ಲಿ ನನಗೆಂದು ತಂದ ಕಾಫಿ ಲೋಟ. ಸುಪ್ರಿಯಾಳ ಜೊತೆ ಕೆಲಸ ಮಾಡಿಕೊಂಡು ಅದೇ ಮನೆಯಲ್ಲಿರುವ ರೂಪಾ. ಚೂಡಿದಾರದಲ್ಲಿ ದಿನಾ ಮೆಟ್ಟಿಲು ಇಳಿಯುವುದನ್ನು ನೋಡಿದ್ದೆ, ಸೀರೆಯಲ್ಲಿ ಗುರುತು ಸಿಕ್ಕಿರಲಿಲ್ಲ. ಬೇರೆಯವರಾಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರು. ನನಗೆ ಅದು ಅಭ್ಯಾಸವಿಲ್ಲ. ಕಾಫಿ ಕೆಳಗಿಡಿಸಿ, ಸುಪ್ರಿಯಾಳ ಒಂದು ಸೀರೆ ತರಿಸಿ, ನೆರಿಗೆ ಹಿಡಿಯುವುದನ್ನು ತೋರಿಸಿಕೊಡಲು ನಿಂತೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸುಮ್ಮನಿರಬೇಕಲ್ಲ. ‘ಅಲ್ಲಮ್ಮ, ಗಂಡು ಅಂತ್ಲೇ ಇದ್ದಿದ್ರೆ ಹಾಯಾಗಿರ್ಬೋದಿತ್ತು. ಹೆಣ್ಣಾಗೋಕೆ ಯಾಕೆ ಆಸೆ ಪಟ್ಟೆ? ಇದ್ರಲ್ಲೇನು ಸುಖ ಕಂಡೆ?’ ಎಂದೆ.

‘ಆಸೆ ಪಟ್ಟು ಆಗಿದ್ದಲ್ಲ ಅಜ್ಜಿ. ನೀವೇನು ಆಸೆ ಪಟ್ಟು ಹೆಣ್ಣಾದ್ರಾ?’ ಎಂದಳು.

ಹಿಡಿದ ನೆರಿಗೆ ಕೈಯಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಹೌದಲ್ಲ, ನಾನೂ ಇದ್ದೇನೆ, ಅವಳೂ ಇದ್ದಾಳೆ, ಇಬ್ಬರನ್ನೂ ಯಾರೂ ಕೇಳಲಿಲ್ಲ. ಅಷ್ಟು ಉದ್ದದ ಸಿನಿಮಾದಲ್ಲಿ ತಲೆಗೆ ಹತ್ತದ ಪಾಠ ಆ ಒಂದು ಮಾತಿನಲ್ಲಿ ಹತ್ತಿತು. ಇದನ್ನೂ ಸಿನಿಮಾಕ್ಕೆ ಸೇರಿಸು ಎಂದು ಸುಪ್ರಿಯಾಳಿಗೆ ಹೇಳಿದೆ. ಸೇರಿಸಿದಳು.

ನೆರಿಗೆ ಸಿಕ್ಕಿಸಿಕೊಳ್ಳುತ್ತಾ ರೂಪಾ ಹೇಳಿದಳು, ಈ ಸಿನಿಮಾ ಊರೂರಿಗೆ ಹೋಗುತ್ತದೆ, ಗುರುತಿಲ್ಲದವರೆಲ್ಲ ನೋಡುತ್ತಾರೆ, ಅಮ್ಮ ಒಬ್ಬಳು ನೋಡಿದ್ದರೆ ಸಾಕಿತ್ತು ಅಂತ. ಅಪ್ಪ ತೀರಿಕೊಂಡ ಸುದ್ದಿ ಯಾರಿಂದಲೋ ತಿಳಿದಿತ್ತಂತೆ. ಆಮೇಲೂ ಫೋನು ಮಾಡಿದರೆ ಅಮ್ಮ ಎತ್ತುವುದಿಲ್ಲ. ಆ ತಾಯಿ ಎಲ್ಲೋ ದೂರದಲ್ಲಿರಬೇಕು ಎಂದುಕೊಂಡೆ. ನೋಡಿದರೆ ಹೊಸಕೆರೆಹಳ್ಳಿ, ಇಲ್ಲಿಂದ ಆಟೋ ಹತ್ತಿದರೆ ಬಾಯಿಗೆ ಹಾಕಿಕೊಂಡ ಎಲೆಅಡಿಕೆ ಮುಗಿಯುವಷ್ಟರಲ್ಲಿ ಬರುತ್ತದೆ. ಹೆಸರು ಜಯಮ್ಮ. ಮನೆಯಲ್ಲೇ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುವ ಕೆಲಸ. ಸುತ್ತಲಿನ ಬಡಾವಣೆಗಳ ಮದುವೆ ಸೀರೆಗಳೆಲ್ಲ ಆಕೆಯ ತೊಡೆಯ ಮೇಲೆ ಹಾದುಹೋಗುತ್ತವೆ, ಹೆತ್ತ ಮಗಳು ಮಾತ್ರ ಸೀರೆ ಉಲ್ಟಾ ಉಡುತ್ತಾಳೆ. ನಾನು ಹೋಗಿ ಸಿನಿಮಾ ತೋರಿಸಲೇ ಎಂದು ಕೇಳಿದೆ. ರೂಪಾ ನೆರಿಗೆಯನ್ನು ಮತ್ತೊಮ್ಮೆ ಸರಿಮಾಡಿಕೊಂಡು, ತೋರಿಸಿ ಅಜ್ಜಿ, ಬೈದರೆ ಮಾತ್ರ ಬಂದು ನನಗೆ ಹೇಳಬೇಡಿ ಎಂದಳು.

ಸುಪ್ರಿಯಾ ಮೂರೂ ಸಿನಿಮಾಗಳನ್ನು ನನ್ನ ಫೋನಿಗೆ ಹಾಕಿ ಎಲ್ಲಿ ಒತ್ತಬೇಕು ಎಂದು ತೋರಿಸಿಕೊಟ್ಟಳು. ನೆಪಕ್ಕೆ ಪೆಟ್ಟಿಗೆಯ ತಳದಲ್ಲಿದ್ದ ಬೂದು ಬಣ್ಣದ ರೇಷ್ಮೆ ಸೀರೆಯನ್ನು ತೆಗೆದುಕೊಂಡೆ. ಈ ವಯಸ್ಸಿಗೆ ಕುಚ್ಚು ಯಾಕೆ ಎಂದು ಲತಾ ಕೇಳಿದಳು, ಆಟೋ ಕರೆಸು ಎಂದೆ. ಜಯಮ್ಮನ ಮನೆ ನಡುಕೋಣೆಯಲ್ಲಿ ಸೀರೆ ಕೊಡಲು ಬಂದ ಇಬ್ಬರು ಹೆಂಗಸರು ಕೂತಿದ್ದರು. ಜಯಮ್ಮ ತೆಳ್ಳಗೆ, ಮಾತು ಕಡಿಮೆ, ಸೂಜಿ ಮಾತ್ರ ಓಡುತ್ತಲೇ ಇತ್ತು. ಅವರಿಬ್ಬರೂ ಎದ್ದು ಹೋಗಲಿ ಎಂದು ಕಾದೆ. ಅವರು ಏಳುವ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಮೂರನೆಯದನ್ನು ಹುಡುಕಿ ಇಟ್ಟುಕೊಳ್ಳೋಣ ಎಂದು ಎಲ್ಲೋ ಒತ್ತಿದೆ. ಡಾಕ್ಟರಮ್ಮ ದೊಡ್ಡ ದನಿಯಲ್ಲಿ ಶುರುಮಾಡಿಬಿಟ್ಟರು.

ಆ ಕೋಣೆಯಲ್ಲಿ ಯಾವ ಯಾವ ಅಂಗದ ಹೆಸರು ಕೇಳಿಸಿತು ಎಂದು ಇಲ್ಲಿ ಹೇಳುವುದಿಲ್ಲ. ನಿಲ್ಲಿಸಲು ಒತ್ತಿದರೆ ದನಿ ಇನ್ನೂ ಜೋರಾಯಿತು. ಎದ್ದು ಹೊರಗೆ ಓಡೋಣ ಎಂದರೆ ಮೊಣಕಾಲು ಒಪ್ಪಬೇಕಲ್ಲ. ಬೈಗುಳಕ್ಕೆ ತಲೆಕೊಟ್ಟು ಕೂತೆ. ಬೈಗುಳ ಬರಲಿಲ್ಲ. ತಲೆ ಎತ್ತಿದರೆ ಇಬ್ಬರೂ ಹೆಂಗಸರು ಮುಂದಕ್ಕೆ ಬಗ್ಗಿ ಕೂತಿದ್ದರು. ಬೇಡವಾದರೆ ಬೇಡ ಎನ್ನಬಹುದು ಎಂಬ ಮಾತು ಬಂದಾಗ ಒಬ್ಬಾಕೆ ಮೆಲ್ಲಗೆ, ಇದನ್ನ ನಮ್ಮ ಯಜಮಾನರ ಫೋನಿಗೆ ಕಳಿಸೋಕಾಗುತ್ತಾ ಆಂಟಿ ಎಂದಳು. ಫೋನು ಹಿಡಿಯಲು ಬಾರದವಳನ್ನು ಹಿಡಿದು ಕೇಳುತ್ತಾಳೆ. ಅದು ಮುಗಿದದ್ದೇ ತಾನಾಗಿ ಮುಂದಿನದು ಶುರುವಾಯಿತು. ಕೆರೆ ಏರಿ, ಸೀರೆ ಉಟ್ಟ ಹುಡುಗಿ.

ಜಯಮ್ಮನ ಸೂಜಿ ನಿಂತಿತು. ಮಿಕ್ಕವರಿಗೆ ಏನೂ ಗೊತ್ತಿಲ್ಲ. ಎಷ್ಟು ಲಕ್ಷಣವಾಗಿದ್ದಾಳೆ ಹುಡುಗಿ, ಯಾರ ಮಗಳೋ ಪಾಪ ಎಂದಳು ಇನ್ನೊಬ್ಬಾಕೆ. ಅಮ್ಮ ಗೋಡೆ ಕಡೆ ತಿರುಗಿ ಕೂತಳು ಎನ್ನುವ ಮಾತು ಬಂದಾಗ ಅದೇ ಹೆಂಗಸು, ಅದೆಂಥ ತಾಯಿಯೋ ಎಂದಳು. ಜಯಮ್ಮ ಮತ್ತೆ ಸೂಜಿ ಎತ್ತಿಕೊಂಡಳು, ದಾರ ಪೋಣಿಸಲು ಹೋದಳು, ಪೋಣಿಸಲಿಲ್ಲ. ಸಿನಿಮಾ ಮುಗಿಯಿತು, ಅವರು ಸೀರೆ ಕೊಟ್ಟು ಹೊರಟರು. ಆಮೇಲೆ ಆಕೆ ನನ್ನನ್ನು ನೋಡಿದಳು.

‘ಯಾಕಮ್ಮ ತಂದ್ರಿ ಇದನ್ನ ನನ್ನ ಮುಂದೆ?’

‘ನಿನ್ನ ಮಗಳು ನಮ್ಮನೇಲಿ ಬಾಡಿಗೆಗಿದ್ದಾಳೆ. ನೀನೊಬ್ಬಳು ನೋಡ್ಬೇಕು ಅಂತ ಅವಳಿಗೆ. ನೋಡ್ದೆ. ನನ್ನ ಕೆಲಸ ಮುಗೀತು’ ಎಂದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. ‘ಸೀರೆ ಯಾವಾಗ ಕೊಡ್ತೀಯಾ?’

‘ಹಬ್ಬದೊತ್ತಿಗೆ’ ಎಂದಳು. ಮನೆ ಎಲ್ಲಿ ಎಂದು ಮಾತ್ರ ಕೇಳಿದಳು, ಸೀರೆ ತಂದುಕೊಡಲು ಬೇಕಲ್ಲ ಎಂದಳು. ಯಾರೂ ಸೀರೆಯನ್ನು ಮನೆತನಕ ತಂದುಕೊಡುವುದಿಲ್ಲ ಎನ್ನುವುದು ನನಗೂ ಗೊತ್ತಿದೆ. ಹೇಳಿದೆ. ಮನೆಗೆ ಬಂದು ರೂಪಾಗೆ, ನೋಡಿದಳು, ಬೈಯಲಿಲ್ಲ ಎಂದಷ್ಟೇ ಹೇಳಿದೆ. ಇನ್ನೇನಾದರೂ ಹೇಳಿದಳಾ ಎಂದು ಆ ಹುಡುಗಿ ದಿನಾ ಮೆಟ್ಟಿಲಿಳಿಯುವಾಗ ನನ್ನ ಮುಖ ನೋಡುತ್ತಿದ್ದಳು. ಇಲ್ಲದ್ದನ್ನು ಕಟ್ಟಿ ಹೇಳಲು ನನಗೆ ಬರುವುದಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ಜಯಮ್ಮ ಬಂದಳು. ಕಂಕುಳಲ್ಲಿ ನನ್ನ ಸೀರೆಯ ಕವರು, ಎರಡು ಕೈಯಲ್ಲಿ ಅರಿಶಿನ ಬಳಿದ ಜೋಡಿ ಮೊರ. ತವರಿನವರು ಮದುವೆಯಾದ ಹೆಣ್ಣುಮಕ್ಕಳಿಗೆ ಕೊಡುವ ಬಾಗಿನ. ಬಳೆ, ಬಾಚಣಿಗೆ, ರವಿಕೆ ಬಟ್ಟೆ, ಬೇಳೆ, ಬೆಲ್ಲ, ಎಲ್ಲ ಪದ್ಧತಿಯಂತೆ. ಇದನ್ನು ಮೇಲೆ ಕೊಟ್ಟುಬಿಡಿ ಎಂದು ನನ್ನ ಮುಂದೆ ಹಿಡಿದಳು. ನಾನು ಕೈ ಚಾಚಲಿಲ್ಲ. ಮೂರನೇ ಮಹಡಿ, ನನ್ನ ಕೈಲಾಗದು ಎಂದೆ. ಆಕೆ ಬಾಗಿಲಲ್ಲೇ ನಿಂತಳು.

‘ಮದುವೆ ಆಗ್ದೋರಿಗೆ ಬಾಗಿನ ಕೊಡೋ ಪದ್ಧತಿ ಇಲ್ಲ, ಗೊತ್ತು ಕಣಮ್ಮ’ ಎಂದಳು. ‘ಆದ್ರೆ ಮನೆ ಬಿಟ್ಟು ಹೋದ ಹೆಣ್ಣಿಗೆ ಹುಟ್ಟಿದ ಮನೆ ತವರೇ ತಾನೆ?’

‘ಅದನ್ನ ನನ್ನ ಕೇಳ್ಬೇಡ, ಮೇಲೆ ಹೋಗಿ ಕೇಳು’ ಎಂದೆ. ಹೋದಳು. ಮೇಲಿನ ಬಾಗಿಲು ತೆಗೆದ ಸದ್ದಾಯಿತು, ತುಂಬ ಹೊತ್ತು ಏನೂ ಕೇಳಿಸಲಿಲ್ಲ, ಆಮೇಲೆ ಮುಚ್ಚಿದ ಸದ್ದಾಯಿತು. ಆಕೆ ಕೆಳಗೆ ಬಂದದ್ದು ಮಧ್ಯಾಹ್ನದ ಊಟವಾದ ಮೇಲೆ, ಹಿಂದೆ ರೂಪಾ, ಬಸ್‌ಸ್ಟಾಪಿನವರೆಗೆ ಬಿಡಲು.

ನಾನು ನನ್ನ ಸೀರೆ ಬಿಡಿಸಿ ನೋಡಿದ್ದು ಸಂಜೆಗೆ. ಸೆರಗಿನ ತುದಿ ಬೋಳಾಗಿತ್ತು. ಕುಚ್ಚು ಇನ್ನೊಂದು ತುದಿಯಲ್ಲಿತ್ತು, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಳತುದಿಯಲ್ಲಿ. ಒಂದೊಂದು ಗಂಟೂ ಮುತ್ತಿನಂತೆ ಅಚ್ಚುಕಟ್ಟು, ಕಟ್ಟಿದ ಜಾಗವೊಂದು ತಪ್ಪು. ನನ್ನ ಸೀರೆ ಸಾದಾ, ಎರಡೂ ತುದಿಗೆ ಹೆಚ್ಚು ಭೇದವಿಲ್ಲ ನಿಜ. ಆದರೆ ಅಷ್ಟು ವರ್ಷ ಅದೇ ಕೆಲಸ ಮಾಡಿದ ಕೈ ತಪ್ಪಬೇಕಾದರೆ ಮನಸ್ಸು ಎಲ್ಲಿತ್ತೋ ನನಗೆ ಗೊತ್ತು. ಬಿಚ್ಚಿಸಿ ಸರಿಮಾಡಿಸೋಣ ಎಂದಳು ಲತಾ. ಬೇಡ ಎಂದೆ. ಈಗ ಆ ಸೀರೆ ಉಟ್ಟ ದಿನ ಕುಚ್ಚು ಸೊಂಟದಲ್ಲಿ ಚುಚ್ಚುತ್ತಲೇ ಇರುತ್ತದೆ, ನಾನು ಕೆರೆದುಕೊಳ್ಳುತ್ತಲೇ ಇರುತ್ತೇನೆ. ಮೊನ್ನೆ ಒಂದು ನಾಮಕರಣದಲ್ಲಿ ಪಕ್ಕದಲ್ಲಿ ಕೂತವಳು ನನ್ನ ಸೆರಗು ಹಿಡಿದು ನೋಡಿ, ಇಷ್ಟು ಒಳ್ಳೆ ರೇಷ್ಮೆಗೆ ಕುಚ್ಚು ಕಟ್ಟಿಸಲಿಲ್ಲವೇ ಅಜ್ಜಿ ಎಂದಳು. ಕಟ್ಟಿಸಿದ್ದೇನೆ, ಒಳಗಿದೆ ಎಂದೆ. ಅವಳು ಸ್ವಲ್ಪ ಆಚೆ ಸರಿದು ಕೂತು ಲತಾಳ ಕಿವಿಯಲ್ಲಿ, ನಿಮ್ಮತ್ತೆಯನ್ನು ಯಾವುದಾದರೂ ಡಾಕ್ಟರಿಗೆ ತೋರಿಸಿ ಎಂದದ್ದು ನನಗೆ ಚೆನ್ನಾಗಿ ಕೇಳಿಸಿತು.