ಘಟ್ಟದ ಮಳೆಗೆ ತಂದ ಛತ್ರಿ

ನಮ್ಮ ಕಾಕಾನ ಅಪ್ಪಣೆಯಿಲ್ಲದೆ ರೋಣದಲ್ಲಿ ಮಳೆ ಬೀಳುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹೋಗಲಿ, ಬೀಳುತ್ತಿತ್ತು ಎಂದೇ ಇಟ್ಟುಕೊಳ್ಳಿ. ಆದರೆ ಹೆಸರಿಲ್ಲದೆ ಬೀಳುವಂತಿರಲಿಲ್ಲ! ನಾಲ್ಕು ಹನಿ ಉದುರಿದರೆ ಸಾಕು, ಕಾಕಾ ತನ್ನ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯ ಗಾದಿಯಿಂದ ಎದ್ದು, ಧೋತರ ಎತ್ತಿ ಕಟ್ಟಿ, ಬೀದಿಗಿಳಿದು ಮುಗಿಲು ನೋಡಿ ತೀರ್ಪು ಕೊಡುತ್ತಿದ್ದ: "ಪರಿಸರಣ!" ಇಲ್ಲವೇ, "ಆವರ್ತ!" ಅತ್ತ ಕಡಲೆಯ ಚೀಲ ನೆನೆಯುತ್ತಿದ್ದರೆ ನೆನೆಯಲಿ. ಮಳೆಗೆ ನಾಮಕರಣವಾಗದೆ ಚೀಲ ಒಳಗೆ ಹೋಗುವುದುಂಟೆ?

ಈ ಹುಚ್ಚಿನ ಮೂಲದಲ್ಲಿ ಒಂದು ಸೊನ್ನೆಯಿದೆ. ಕಾಕಾ ಸಾಲೆಯಲ್ಲಿದ್ದಾಗ ಪರೀಕ್ಷೆಯಲ್ಲಿ ‘ಮಳೆಯ ವಿಧಗಳು ಯಾವುವು? ವಿವರಿಸಿ’ ಎಂದು ಕೇಳಿದ್ದರಂತೆ. ಒಕ್ಕಲುತನದ ಮನೆಯ ಹುಡುಗನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇಕೆ? ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹಿಡಿದು ಸ್ವಾತಿಯವರೆಗೆ, ಯಾವ ಮಳೆಗೆ ಏನು ಬಿತ್ತಬೇಕು ಎಂಬುದರ ಸಮೇತ, ಹೆಚ್ಚಿನ ಹಾಳೆ ಇಸಿದುಕೊಂಡು ಬರೆದ. ಮಾಸ್ತರರು ದುಂಡಗೆ ಸೊನ್ನೆ ಸುತ್ತಿ ಕೊಟ್ಟರು. "ಮಳಿ ಹ್ಯಾಂಗ ಹುಟ್ಟತೈತಿ ಅಂತ ಕೇಳಿದ್ರ ಅದರ ಜಾತಕಾ ಬರದೀಯಲ್ಲೋ!" ಅಂದರಂತೆ. ಅಂದೇ ಕಾಕಾ ಪಣ ತೊಟ್ಟ. ಪರಿಸರಣ, ಆರೋಹ, ಆವರ್ತ ಎಂಬ ಮೂರು ಮಳೆಗಳನ್ನು ಅರೆದು ಕುಡಿದ. ಅಲ್ಲಿಂದ ಮುಂದೆ ಮಳೆಯ ಹೆಸರನ್ನು ಯಾರು ತಪ್ಪು ಹೇಳಿದರೂ, ಅವರು ಸ್ವಾಮಿಗಳಿರಲಿ, ಸಾಲ ಕೊಟ್ಟವರಿರಲಿ, ಬಿಟ್ಟವನಲ್ಲ.

ಹೇಳಿದರೆ ತೀರಲಿಲ್ಲ, ತೋರಿಸಲೂ ಬೇಕು. ಒಮ್ಮೆ ಕಾಕಾನ ಹೆಂಡತಿ, ನಮ್ಮ ಚಿಗವ್ವ, ರೊಟ್ಟಿ ಹಿಟ್ಟಿಗೆ ಎಸರಿಟ್ಟಿದ್ದಳು. ಕಾಕಾ ತಣ್ಣನೆಯ ತಾಟೊಂದನ್ನು ಕುದಿಯುವ ನೀರಿನ ಮೇಲೆ ಹಿಡಿದು ನಮ್ಮನ್ನೆಲ್ಲ ಕೂಗಿದ. "ನೋಡ್ರಿ, ಭೂಮಿ ಕಾದೈತಿ. ಹಸಿ ಗಾಳಿ ಕಾದು ಹಗರಾಗಿ ಮ್ಯಾಲ ಹೊಂಟೈತಿ. ಮ್ಯಾಲ ತಂಪ ಹತ್ತಿ ಹನಿ ಕಟ್ಟೈತಿ. ಈಗ ಬೀಳ್ತೈತಿ ನೋಡ್ರಿ, ಪರಿಸರಣ ಮಳಿ!" ಹನಿ ಬಿತ್ತು. ಅದರ ಹಿಂದೆಯೇ ತಾಟೂ ಬಿತ್ತು. ಎಸರು ಚೆಲ್ಲಿ ಒಲೆ ಆರಿತು.

"ಮಳಿ ಚಲೋ ಆತ್ರಿ," ಅಂದಳು ಚಿಗವ್ವ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಬೆಳಿ ಮಾತ್ರ ಹೋತು. ಇವತ್ತ ಎಲ್ಲಾರೂ ಚುರುಮರಿ ತಿನ್ರಿ."

ಆರೋಹ ಮಳೆಯನ್ನು ಮಾತ್ರ ತಾಟಿನಲ್ಲಿ ತೋರಿಸುವುದು ಸಾಧ್ಯವಿರಲಿಲ್ಲ. ಅದಕ್ಕೆ ಗುಡ್ಡ ಬೇಕು, ಕಡಲು ಬೇಕು. ಅದು ಕಾಕಾನ ಬಾಯಲ್ಲಿ ಬಣ್ಣ ಕಟ್ಟಿದಷ್ಟೂ ಚಿಗವ್ವನ ಕಣ್ಣುಗಳು ಅಗಲವಾಗುತ್ತಿದ್ದವು. ಆಯುಷ್ಯದಲ್ಲಿ ಆಕೆ ಗಂಡನನ್ನು ಬೇಡಿದ್ದು ಒಂದೇ: "ಏನ್ರಿ, ಆ ಗುಡ್ಡಕ್ಕ ಬಡದು ಬೀಳೂ ಮಳಿ ನನಗೊಮ್ಮೆ ತೋರಸ್ರಿ." ಕಾಕಾ ಹೂಂ ಅಂದ. ಅಂದದ್ದೇ ತಡ, ಚಿಗವ್ವ ಸಂತೆಯಿಂದ ಒಂದು ನೀಲಿ ಛತ್ರಿ ತಂದು ಗೂಟಕ್ಕೆ ತೂಗುಹಾಕಿದಳು. ರೋಣದ ಮಳೆಯಲ್ಲಿ ಆಕೆ ತೊಪ್ಪೆಯಾಗಿ ಬಂದರೂ ಅದನ್ನು ಮುಟ್ಟುತ್ತಿರಲಿಲ್ಲ. "ಅದು ಘಟ್ಟದ ಮಳಿಗೆ ತಂದದ್ದು," ಎನ್ನುತ್ತಿದ್ದಳು. ಹುಚ್ಚು ಒಬ್ಬರಿಗೇ ಇರುತ್ತದೆಯೆ!

ಮುಂದೆ ನಡೆದದ್ದೇನು? "ಈ ವರ್ಷ ಗಾಳಿ ಸೊರಗ್ಯಾವ, ಸೊರಗಿದ ಮಳಿ ಏನ್ ನೋಡ್ತಿ?" ಮರುವರ್ಷ, "ಭಾಳ ಜೋರೈತಿ, ಘಟ್ಟದಾಗ ರಸ್ತಾ ಕುಸೀತಾವ." ಅದರ ಮುಂದಿನ ವರ್ಷ, "ಹೆಸರಕಾಳಿನ ಆವಕ ಸುರು ಆಗೇತಿ, ಅಂಗಡಿ ಬಿಟ್ಟು ಹ್ಯಾಂಗ ಬರ್ಲಿ?" ಒಮ್ಮೆ ಸಮಾಧಾನಕ್ಕೆಂದು, "ಮೊದಲು ಸ್ಯಾಂಪಲ್ ನೋಡು ಬಾ," ಅಂತ ಗಜೇಂದ್ರಗಡದ ಗುಡ್ಡಕ್ಕೆ ಕರೆದೊಯ್ದ. ಇಬ್ಬರೂ ಬುತ್ತಿ ಬಿಚ್ಚಿಕೊಂಡು ಸಂಜೆಯವರೆಗೆ ಕುಳಿತರು. ಗುಡ್ಡದ ಮೇಲಿನ ಗಾಳಿಯಂತ್ರದ ಪಂಖಗಳು ತಿರುಗಿದವು, ಮೋಡಗಳು ತಲೆಯ ಮೇಲೆ ಹಾಯ್ದು ಹೋದವು. ಒಂದು ಹನಿ ಇಲ್ಲ! "ಗುಡ್ಡ ಸಣ್ಣದು. ಮಾಡ ಇದಕ್ಕ ಎಡವಲಿಲ್ಲ," ಅಂದ ಕಾಕಾ. ಚಿಗವ್ವ ಮಡಚಿದ ಛತ್ರಿಯನ್ನು ಮಡಚಿದಂತೆಯೇ ಮನೆಗೆ ತಂದಳು.

ಇನ್ನು ನರಗುಂದದ ಮದುವೆಯ ಕಥೆ. ನಮ್ಮ ಬಳಗದ್ದೇ ಮದುವೆ, ಹಂದರದಲ್ಲಿ ಅಡುಗೆ ಸಿದ್ಧವಾಗಿತ್ತು. ಮೋಡ ಕವಿಯಿತು. ಬೀಗರೊಬ್ಬರು ಮೊಬೈಲ್ ಹಿಡಿದುಕೊಂಡು ಓಡಿಬಂದರು. "ಸಾವಕಾರ್ರ, ಇದರಾಗ ಮಳಿ ಐತಿ ಅಂತ ತೋರಸಾಕತ್ತೈತ್ರಿ. ಅಡಿಗಿ ಒಳಗ ಒಯ್ಯೂಣೇನ್ರಿ?"

"ಯಾವ ಮಳಿ ಅಂತ ಹೇಳೇತೇನು? ಇಲ್ಲಲ್ಲಾ! ಇದು ಪರಿಸರಣ. ಎಲಿ ಅಡಿಕಿ ಹಾಕ್ಕೊಳ್ಳೂದ್ರಾಗ ನಿಲ್ತೈತಿ. ಸುಮ್ಮ ಕುಂದರ್ರಿ."

ಎಲ್ಲರೂ ಸುಮ್ಮನೆ ಕುಳಿತರು. ಮಳೆ ಮರುದಿನ ಬೆಳಗಿನವರೆಗೂ ಕುಳಿತಿತು! ಹಂದರ ಮಲಗಿತು, ಸಾರಿನ ಕೊಪ್ಪರಿಗೆ ತುಂಬಿ ಹರಿಯಿತು, ಮದುಮಕ್ಕಳು ಅಕ್ಷತೆಗಿಂತ ನೀರನ್ನೇ ಹೆಚ್ಚು ಹೊತ್ತರು. ಕಾಕಾ ಸೋತನೆ? ಒಳಗಿನ ಪಡಸಾಲೆಯಲ್ಲಿ ಮೊದಲನೇ ಪಂಕ್ತಿಗೆ ಕುಳಿತು ತಿದ್ದುಪಡಿ ಹೊರಡಿಸಿದ. "ಇದು ಆವರ್ತ. ಮೂಡಣ ಕಡಲಿನ ಮ್ಯಾಲ ಒತ್ತಡ ಕಡಿಮಿ ಆತಂದ್ರ ನಾಕೂ ಕಡಿ ಗಾಳಿ ಅಲ್ಲಿಗೆ ನುಗ್ಗಿ, ಗರಗರ ಸುತ್ತಿ ಮ್ಯಾಲ ಏರತಾವ. ಇಂಥಾ ಮಳಿ ಲಗೂ ಬಿಡೂದಿಲ್ಲ."

"ಹಂಗಾರ ಆರೋಹ ಅಂದ್ರ ಏನ್ರಿ ಮತ್ತ?" ಎಂದು ಯಾರೋ ಕೆಣಕಿದರು.

ಆಗ ಹೋಳಿಗೆ ಬುಟ್ಟಿ ಹಿಡಿದು ಬಡಿಸುತ್ತ ಬಂದವಳು ಚಿಗವ್ವ. ಕಾಕಾ ಆಕೆಯನ್ನೇ ತೋರಿಸಿದ. "ಈ ಬುಟ್ಟಿ ಅಂದ್ರ ಪಡುವಣ ಕಡಲಿನ ಮಾಡ. ಈ ಮೊದಲ್ನೇ ಪಂಕ್ತಿ ಘಟ್ಟ. ಮಾಡಾ ಘಟ್ಟಕ್ಕ ಬಡದು, ಮ್ಯಾಲ ಏರಿ, ತಂಪಾಗಿ, ಇದ್ದದ್ದೆಲ್ಲಾ ಇಲ್ಲೇ ಸುರೀತೈತಿ. ಎರಡನೇ ಪಂಕ್ತಿ ಅಂದ್ರ ನಮ್ಮ ರೋಣ. ಅಲ್ಲಿಗೆ ಹೋಗೂದ್ರಾಗ ಬುಟ್ಟಿ ಖಾಲಿ! ಅದಕ್ಕ ಮಳಿ ನೆರಳು ಅಂತಾರ."

ಚಿಗವ್ವ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಕೇಳಿದಳು: "ಮತ್ತ ಬುಟ್ಟಿ ಹಿಡಕೊಂಡಾಕಿದು ಯಾವ ಪಂಕ್ತಿರಿ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕಾಕಾನೂ ನಕ್ಕ. ನಕ್ಕು, ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಕೇಳಿದ.

ಹೋದ ವರ್ಷ ಚಿಗವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಎಲುಬು ಸರಿಯಾಗಿ ಕೂಡಲಿಲ್ಲ. ಇನ್ನು ಬಸ್ಸು, ಕಾರು, ಘಟ್ಟದ ತಿರುವು ಯಾವುದೂ ಬೇಡ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದರು. ಕಾಕಾ ಅಂಗಡಿಗೆ ಬೀಗ ಹಾಕಿದ.

ಹಿಂಗಾರಿಯಲ್ಲಿ ಒಂದು ದಿನ ಮಳೆ ಹಿಡಿಯಿತು. ತೀರ್ಪು ಹೇಳಲು ಕಾಕಾ ಬೀದಿಗೆ ಬರಲೇ ಇಲ್ಲ. "ಸಾವಕಾರ್ರು ಆರಾಮ ಅದಾರಿಲ್ಲೋ?" ಎಂದು ಓಣಿಯವರು ನನ್ನನ್ನು ಕೇಳತೊಡಗಿದರು. ಹೋಗಿ ನೋಡಿದೆ. ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಚಿಗವ್ವ ಮಲಗಿದ್ದ ಹೊರಸು. ಕಾಕಾ ಪಕ್ಕದಲ್ಲಿ ಕುಳಿತು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ತುತ್ತು ಮಾಡಿ ಉಣಿಸುತ್ತಿದ್ದ.

"ನಿಂದು ಊಟಾ ಆತೇನು ಕಾಕಾ?"

"ನಂದು ಎರಡನೇ ಪಂಕ್ತಿ," ಅಂದ. ನಗಲಿಲ್ಲ.

ನಾನು ಹಳೆಯ ಪ್ರಶ್ನೆಯನ್ನೇ ಕೇಳಿದೆ: "ಇದು ಯಾವ ಮಳಿ?"

"ಆವರ್ತ. ಮೂಡಣ ಕಡಿಂದ ಬಂದೈತಿ." ಆಮೇಲೆ, ಆಕೆಗೆ ಕೇಳಿಸದ ಹಾಗೆ, "ಒಂದು ವರ್ಷ ಅಂಗಡಿ ಮುಚ್ಚಿದ್ರ ರೋಣ ಏನ್ ಮುಳುಗತಿತ್ತೇನೋ ತಮ್ಮಾ?" ಅಂದ.

ಮಳೆ ಜೋರಾಯಿತು. ಅಂಗಳ ಕಾಣದಾಯಿತು. ಚಿಗವ್ವ ತುತ್ತು ನುಂಗಿ ಬಾಗಿಲಾಚೆ ದಿಟ್ಟಿಸಿದಳು. "ಏನ್ರಿ, ಭಾಳ ಬೀಳಾಕತ್ತೈತಿ. ಇದು ಗುಡ್ಡಕ್ಕ ಬಡದದ್ದು ಹೌದಲ್ರಿ?"

ನಾನು ಕಾಕಾನ ಮುಖ ನೋಡಿದೆ. ತಪ್ಪು ಹೆಸರು ಕಿವಿಗೆ ಬಿದ್ದರೆ ಉಣ್ಣುವ ಎಲೆ ಬಿಟ್ಟು ಏಳುತ್ತಿದ್ದ ಮನುಷ್ಯ!

"ಹೌದು," ಅಂದ ಕಾಕಾ. "ಗುಡ್ಡಕ್ಕ ಬಡದದ್ದು. ಖರೇ."

ಚಿಗವ್ವ ಸ್ವಲ್ಪ ಹೊತ್ತು ಮಳೆಯನ್ನೂ, ಸ್ವಲ್ಪ ಹೊತ್ತು ಗಂಡನನ್ನೂ ನೋಡಿದಳು.

"ಹಂಗಾರ ಆ ಛತ್ರಿ ತೆಗೀರಿ," ಅಂದಳು.