‘ಅವರು ಹೇಳದ್ದು’ ಜಾಲತಾಣದ ಸಂಪಾದಕರಿಗೆ, ನಮ್ಮ ಅಕ್ಕನ ಮಾತ್ರೆಯ ವಿಷಯವಾಗಿ

ಊರಿನ ಪತ್ರಿಕೆಗಳೆಲ್ಲ ಬಾಯಿಗೆ ಬೀಗ ಹಾಕಿಕೊಂಡಿರುವ ಕಾಲದಲ್ಲಿ ಒಬ್ಬರೇ ಬಾಯಿ ತೆರೆದು ಕುಳಿತಿರುವ ಮಾನ್ಯ ಸಂಪಾದಕರೇ,

ತಮಗೂ, ತಮ್ಮ ‘ಹೆಸರು ಹೇಳಲಿಚ್ಛಿಸದ ತಜ್ಞ’ರಿಗೂ ನನ್ನ ನಮಸ್ಕಾರಗಳು. ಆ ತಜ್ಞರು ಸೋಮವಾರ ವೈದ್ಯರಾಗಿ, ಬುಧವಾರ ಸೈನ್ಯಾಧಿಕಾರಿಯಾಗಿ, ಶುಕ್ರವಾರ ಹವಾಮಾನ ಬಲ್ಲವರಾಗಿ ದುಡಿಯುವುದನ್ನು ಕಂಡರೆ ಅವರ ಆರೋಗ್ಯದ ಬಗ್ಗೆಯೇ ನನಗೆ ಚಿಂತೆಯಾಗುತ್ತದೆ.

ನಾನು ತೂಕ ಮತ್ತು ಅಳತೆ ಕಚೇರಿಯ ನಿವೃತ್ತ ಇನ್‌ಸ್ಪೆಕ್ಟರ್. ಅಂಗಡಿಯ ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ನಾವು ಅಂಗಡಿಯವನ ಮುಖ ನೋಡುತ್ತಿರಲಿಲ್ಲ. ಮೊದಲು ಖಾಲಿ ತಟ್ಟೆಗಳನ್ನು ನೋಡಿ, ಆಮೇಲೆ ಮುದ್ರೆಯೊತ್ತಿದ ನಮ್ಮದೇ ಒಂದು ಕಿಲೋ ಕಲ್ಲನ್ನು ಇಡುತ್ತಿದ್ದೆವು. ಆ ಅಭ್ಯಾಸಬಲದಿಂದ ತಮ್ಮ ಜಾಲತಾಣವನ್ನೂ ಒಂದು ತಿಂಗಳು ಪರೀಕ್ಷಿಸಿದೆ. ಖಾಲಿಯಿರುವಾಗಲೇ ತಮ್ಮ ಮುಳ್ಳು ಒಂದು ಕಡೆಗೆ ವಾಲಿರುತ್ತದೆಂದು ಮೊದಲ ದಿನವೇ ತಿಳಿಯಿತು. ಇದು ದೂರಲ್ಲ. ನಮ್ಮ ಮನೆಗೆ ಬರುವ ದೊಡ್ಡ ಪತ್ರಿಕೆಯ ಮುಳ್ಳು ಇನ್ನೊಂದು ಕಡೆಗೆ ವಾಲಿದೆ. ಯಾವಾಗಲೂ ಐವತ್ತು ಗ್ರಾಂ ವಾಲುವ ತಕ್ಕಡಿಯೊಡನೆ ಹೇಗೋ ಸಂಸಾರ ಮಾಡಬಹುದು, ಐವತ್ತು ಕಳೆದುಕೊಂಡರಾಯಿತು. ಆದರೆ ಕಲ್ಲಿಟ್ಟು ನೋಡಬೇಕಲ್ಲ? ಅದಕ್ಕೆ ನಿಜವೇನೆಂದು ನನಗೆ ಖಚಿತವಾಗಿ ಗೊತ್ತಿರುವ ಒಂದು ಸುದ್ದಿ ಬೇಕಿತ್ತು. ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಅಕ್ಕನನ್ನೇ ಪ್ರಕಟಿಸಿದಿರಿ.

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಊರವರ ಕಾಗದ ವಿಂಗಡಿಸಿದ ಅಕ್ಕ, ‘ರಕ್ತದೊತ್ತಡವೆಂಬುದು ಮಾತ್ರೆ ಕಂಪನಿಗಳು ಕಟ್ಟಿದ ಕಥೆ’ ಎಂಬ ತಮ್ಮ ಲೇಖನ ಓದಿ, ಮಾತ್ರೆ ಬಿಟ್ಟು ಹತ್ತು ದಿನವಾಯಿತು, ಹಾಯಾಗಿದ್ದೇನೆ ಎಂದು ತಮಗೆ ಬರೆದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರುಂಟು. ತಾವು ಕರುವಿಗೆ ಹೆಸರನ್ನೂ ಇಟ್ಟಿರಿ. ಹತ್ತು ದಿನ ತಮ್ಮಲ್ಲಿ ಹತ್ತು ತಿಂಗಳಾಯಿತು, ಅಂಚೆಯ ಅಕ್ಕ ‘ಮಾಜಿ ಆರೋಗ್ಯಾಧಿಕಾರಿ’ಯಾದಳು, ಅವಳ ನಗುಮುಖದ ಚಿತ್ರದಡಿ ಸಾವಿರದ ಇನ್ನೂರು ಮಂದಿ ‘ನೀವೇ ನಮಗೆ ಧೈರ್ಯ’ ಎಂದು ಬರೆದರು.

ಅದಾದ ಮೂರನೆಯ ದಿನ ಅಕ್ಕ ಬಚ್ಚಲಿನಲ್ಲಿ ತಲೆ ತಿರುಗಿ ಬಿದ್ದಳು. ಚಿಲಕ ಮುರಿದು ಒಳಗೆ ಹೋಗಿ ನಾನೇ ಎತ್ತಿ ತಂದೆ. ಹಣೆಗೆ ಐದು ಹೊಲಿಗೆ ಬಿದ್ದವು. ಆಸ್ಪತ್ರೆಯ ಮಂಚದಿಂದಲೇ ಅವಳು ತಮಗೆ ಎರಡನೆಯ ಪತ್ರ ಕಳಿಸಿ, ಬಿದ್ದದ್ದನ್ನೂ ಹಾಕಿ ಎಂದು ಬೇಡಿಕೊಂಡಳು. ಅದು ಇಂದಿಗೂ ಬಂದಿಲ್ಲ. ನಗುವ ಚಿತ್ರ ಮಾತ್ರ ಇನ್ನೂ ಅಲ್ಲೇ ಇದೆ.

ಈಗ ಮಾತ್ರೆ ಅವಳಿಗೆ ಬಿಸಿ ತುಪ್ಪವಾಗಿದೆ. ‘ಅಷ್ಟು ಜನ ನನ್ನ ನೋಡಿ ಬಿಟ್ಟಿದ್ದಾರೆ ಕಣೋ, ಈಗ ನಾನೇ ನುಂಗಿದ್ರೆ ಅವರಿಗೆ ಏನು ಹೇಳ್ಲಿ?’ ಎನ್ನುತ್ತಾಳೆ. ತಾವು ಬಿಟ್ಟರೂ ಅವಳು ತಮ್ಮ ಓದುಗರನ್ನು ಬಿಡಲೊಲ್ಲಳು.

ಆದ್ದರಿಂದ ತಾವು ಆ ಎರಡನೆಯ ಪತ್ರವನ್ನು ಪ್ರಕಟಿಸಬೇಕಾಗಿ ಕೋರುತ್ತೇನೆ. ತಪ್ಪೊಪ್ಪಿಕೊಳ್ಳುವ ಅಂಕಣ ತಮ್ಮಲ್ಲಿ ಇಲ್ಲವಾದರೆ, ‘ಈ ಪುಟ್ಟ ಬಿಳಿ ಮಾತ್ರೆ ನಿಮ್ಮ ಕೈಗೆ ಸಿಗದಂತೆ ತಡೆಯುತ್ತಿರುವವರು ಯಾರು?’ ಎಂಬ ತಲೆಬರಹವಾದರೂ ಹಾಕಿ. ಅಕ್ಕ ಮುಖ ತೊಳೆಯುವ ಮೊದಲೇ ಔಷಧಿ ಅಂಗಡಿಯ ಮುಂದೆ ನಿಂತಿರುತ್ತಾಳೆ. ಅದೂ ಕಷ್ಟವೆಂದರೆ ತಮ್ಮ ತಜ್ಞರನ್ನು ಸೋಮವಾರ, ಅಂದರೆ ಅವರು ವೈದ್ಯರಾಗಿರುವ ದಿನ, ಒಂದು ಲೋಟ ನೀರಿನೊಂದಿಗೆ ನಮ್ಮ ಮನೆಗೆ ಕಳಿಸಿಕೊಡುವುದು.

ವಿಶ್ವಾಸ ಉಳಿದಿರುವಷ್ಟು ಕಾಲ ತಮ್ಮ ವಿಶ್ವಾಸಿ,
ನಿವೃತ್ತ ತೂಕದ ಇನ್‌ಸ್ಪೆಕ್ಟರ್

ಮರೆತ ಮಾತು: ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಎದ್ದು ಹೋಗಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮಾತ್ರೆ ನುಂಗಿ ಬಂದು, ‘ಯಾರಿಗೂ ಹೇಳ್ಬೇಡ’ ಅಂದಳು. ಮಾತು ಕೊಟ್ಟಿದ್ದೇನೆ. ತಮಗೆ ಬರೆದರೆ ಹೇಳಿದಂತಾಗುವುದಿಲ್ಲವೆಂಬ ಧೈರ್ಯ ನನ್ನದು: ಅವಳು ಬಿದ್ದ ಸುದ್ದಿಯನ್ನೇ ಹೊರಬಿಡದ ತಾವು ಎದ್ದ ಸುದ್ದಿಯನ್ನು ಬಿಡುವುದುಂಟೇ? ಈ ಒಂದು ವಿಷಯದಲ್ಲಿ ತಮ್ಮ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ದಯವಿಟ್ಟು ಅದನ್ನು ಸುಳ್ಳು ಮಾಡಿ. ಆ ಸಾವಿರದ ಇನ್ನೂರು ಮಂದಿಯ ಮನೆಯಲ್ಲೂ ಬಚ್ಚಲುಗಳಿವೆ.