ಸಾವಿನ ಸುದ್ದಿ ನುಂಗಿ ನೀರು ಕುಡಿದ ಕಂಪ್ಯೂಟರ್ ಮಹಾಶಯರಿಗೆ

ಮಾನ್ಯರೇ,

ಬಂಗ್ವೆಯುಲು ಸರೋವರದ ದಂಡೆಯ ನಮ್ಮ ರೇಡಿಯೊ ಕೇಂದ್ರದಲ್ಲಿ, ಇರುವ ಒಂದೇ ಒಂದು ಫ್ಯಾನಿನ ಎದುರು, ಕಸೂತಿ ಹಾಕಿದ ಬಟ್ಟೆಯನ್ನು ತಲೆಗೆ ಹೊದ್ದು ವಿರಾಜಮಾನರಾಗಿರುವ ಕಂಪ್ಯೂಟರ್ ಮಹಾಶಯರಿಗೂ, ತಮ್ಮ ಹೊಟ್ಟೆಯೊಳಗೆ ಕುಳಿತು ಸಕಲ ಆಡಳಿತ ನಡೆಸುವ ಆಪರೇಟಿಂಗ್ ಸಿಸ್ಟಮ್ ಅವರಿಗೂ, ಇದೇ ಕೇಂದ್ರದಲ್ಲಿ ದಿನಾ ಸಂಜೆ ಸಾವಿನ ಸುದ್ದಿ ಓದುವ ಅಸ್ಟ್ರಿಡಾ ಕಪೆಂಬ್ವ ಎಂಬ ಹೆಂಗಸು ಮಾಡುವ ಅನಂತ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ಫ್ಯಾನು ತಮ್ಮ ಕಡೆ ತಿರುಗಿದಂದಿನಿಂದ ಉಳಿದವರ ಕ್ಷೇಮದ ಮಾತು ಆಡದಿರುವುದೇ ಮೇಲು.

ತಾವು ಬರುವ ಮೊದಲು ನಾವು ಎಷ್ಟು ಅಜ್ಞಾನದಲ್ಲಿದ್ದೆವೆಂದರೆ, ಮನೆಯಲ್ಲಿ ಸಾವಾದವರು ಒಂದು ಚೀಟಿ ಬರೆದು ತರುತ್ತಿದ್ದರು, ನಾನು ಅದನ್ನು ಗೋಡೆಯ ಮೊಳೆಗೆ ಚುಚ್ಚುತ್ತಿದ್ದೆ, ನಾಲ್ಕು ಗಂಟೆಗೆ ಕಿತ್ತು ಓದುತ್ತಿದ್ದೆ, ದ್ವೀಪಗಳಲ್ಲಿ ಮೀನು ಹಿಡಿಯುವವರು ಕೇಳಿಸಿಕೊಂಡು ದೋಣಿ ಹತ್ತಿ ಮಣ್ಣಿಗೆ ಬರುತ್ತಿದ್ದರು. ಆ ಮೊಳೆ ಯಾರಿಗೂ ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಇಂಥ ಕತ್ತಲೆಯಿಂದ ನಮ್ಮನ್ನು ಎತ್ತಲೆಂದೇ ಯಾವುದೋ ದಾನಿಗಳ ಕಚೇರಿಯಿಂದ, ಅವರಿಗೆ ಬೇಡವಾದ ಮೇಲೆ, ತಾವು ಲಾರಿಯಲ್ಲಿ ದಯಮಾಡಿಸಿದಿರಿ. ನಮ್ಮ ನಿರ್ದೇಶಕರಾದ ಬಾ ಚಿಬೇಸ ಅವರು (‘ಬಾ’ ಎಂದರೆ ನಮ್ಮಲ್ಲಿ ‘ಶ್ರೀ’ ಇದ್ದಂತೆ) ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಇನ್ಮೇಲೆ ಚೀಟಿಗೀಟಿ ಇಲ್ಲ, ಎಲ್ಲಾ ಇದರೊಳಗೆ. ಕಲಿಯೋರು ಕಲೀರಿ. ಕಲಿಯದೇ ಇರೋರ ಕುರ್ಚಿ ಖಾಲಿ ಆಗತ್ತೆ, ಅಷ್ಟೇ” ಎಂದರು. ಹಾಗೆನ್ನುವಾಗ ಅವರ ಕಣ್ಣು ನನ್ನ ಕುರ್ಚಿಯ ಮೇಲೇ ಇತ್ತು. ಗಂಡ ತೀರಿಕೊಂಡ ಮೇಲೆ ಮೂರು ಮಕ್ಕಳನ್ನು ಸಾಕಿದ ಕುರ್ಚಿ ಅದು.

ತಮ್ಮ ಸೇವಾವಿಧಿಗಳನ್ನು ನನಗೆ ಬೋಧಿಸಲು ಪೂರ್ವದ ಚಿಪಾಟದಿಂದ ಜೆರೆ ಮೇಷ್ಟ್ರು ಬಂದರು. ಅವರು ಅಂಗೋನಿ ಕುಲದವರು, ನಾನು ಬೆಂಬಾ. ನಮ್ಮ ಅಜ್ಜಂದಿರು ಈಟಿ ಹಿಡಿದು ಹೊಡೆದಾಡಿದ ಪುಣ್ಯದಿಂದ, ಮೊಮ್ಮಕ್ಕಳಾದ ನಮಗೆ ಸಾಯುವ ತನಕ ಒಬ್ಬರನ್ನೊಬ್ಬರು ಹೀಯಾಳಿಸುವ ಹಕ್ಕಿದೆ. ಮೊದಲ ದಿನ ಆ ಬಾಲದ ಉಂಡೆಯನ್ನು ನನ್ನ ಕೈಗಿಟ್ಟು ಅವರು ಹೇಳಿದರು:

“ಅಮ್ಮಾ, ಕುತ್ತಿಗೆ ಹಿಸುಕಬೇಡಿ, ಮೆತ್ತಗೆ ಹಿಡೀರಿ. ಇದರ ಹೆಸರು ಮೌಸ್. ಅಂದ್ರೆ ಇಲಿ.”

“ಇಲಿ ಹಿಡಿಯೋದು ಕಲಿಸಕ್ಕೆ ಅಂಗೋನಿಯವರನ್ನೇ ಕರೆಸಿದಾರಲ್ಲ, ನಮ್ಮ ನಿರ್ದೇಶಕರು ಎಂಥಾ ಜಾಣರು! ಮೇಷ್ಟ್ರೇ, ಇದನ್ನ ಹಂಗೇ ಸುಟ್ಟು ತಿಂತೀರೋ, ಉಪ್ಪು ಹಾಕಿ ಬೇಯಿಸಿ ಒಣಗಿಸ್ತೀರೋ?”

“ಕೋತಿ ತಿನ್ನೋ ಬೆಂಬಾ ಜನಕ್ಕೆ ಇಲಿ ರುಚಿ ಏನು ಗೊತ್ತು? ಮೊದಲು ಎರಡು ಸಲ ಒತ್ತಿ. ಬೇಗ ಬೇಗ! ನೀವು ಒಂದು ಸಲ ಒತ್ತಿ, ಮನೇಗೆ ಹೋಗಿ ಊಟ ಮಾಡ್ಕೊಂಡು ಬಂದು ಇನ್ನೊಂದು ಸಲ ಒತ್ತಿದ ಹಾಗಿದೆ.”

ಹೀಗೆ ನನ್ನ ವಿದ್ಯಾಭ್ಯಾಸ ನಡೆಯಿತು. ಮೇಜು ಎಂದು ಕರೆಯಿಸಿಕೊಳ್ಳುವುದು ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ, ಅದರ ಮೇಲೆ ಕಿಟಕಿಗಳು ತೆರೆದುಕೊಳ್ಳುತ್ತವೆ, ಕಿಟಕಿಯ ಹಿಂದೆ ಇನ್ನೊಂದು ಕಿಟಕಿ ಅಡಗಿರುತ್ತದೆ, ಮೂಲೆಯ ಸಣ್ಣ ಗೆರೆ ಒತ್ತಿದರೆ ಇಡೀ ಕಿಟಕಿ ಕೆಳಗಿನ ಪಟ್ಟಿಗೆ ಬಿದ್ದು ಸತ್ತಂತೆ ಮಲಗುತ್ತದೆ. ಇಂಥ ಮನೆಯನ್ನು ನಮ್ಮೂರ ಮೇಸ್ತ್ರಿ ಕಟ್ಟಿದ್ದರೆ ಜನ ಅವನನ್ನು ಸರೋವರಕ್ಕೆ ಎಸೆಯುತ್ತಿದ್ದರು, ತಮ್ಮಲ್ಲಿ ಮಾತ್ರ ಅದು ವಿಜ್ಞಾನ. ಏನನ್ನಾದರೂ ಬೇಡವೆಂದು ಬಿಸಾಡಿದರೆ ತಾವು ಅದನ್ನು ಕಸದ ಬುಟ್ಟಿಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವಿರೆಂದು ತಿಳಿದಾಗಲಂತೂ ತಮ್ಮ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತು. ಆದರೆ ತಮ್ಮ ಸ್ವಭಾವದ ಮುಕುಟಮಣಿಯೆಂದರೆ ಆ ಪುಟ್ಟ ಚೌಕ. ಯಾವ ಕೆಲಸ ಮಾಡಹೋದರೂ ಅದು ಮುಖಕ್ಕೆ ಅಡ್ಡ ಬಂದು “ನಿಮಗೆ ಖಚಿತವೇ?” ಎನ್ನುತ್ತದೆ. ಏನು ಹೇಳಲಿ ಎಂದು ಕೇಳಿದರೆ ಮೇಷ್ಟ್ರು, “ಯೆಸ್ ಅನ್ನಿ ಅಮ್ಮಾ. ಅದು ಅತ್ತೆ ಥರ, ಸುಮ್ಮನೆ ಕೇಳ್ತಾ ಇರತ್ತೆ” ಎಂದರು. ನಾನು ಒಳ್ಳೆಯ ಸೊಸೆಯಾದೆ. ಕೇಳಿದ್ದಕ್ಕೆಲ್ಲ ಯೆಸ್ ಎಂದೆ.

ಈಗ ತಮಗೆ ಚೆನ್ನಾಗಿ ಗೊತ್ತಿರುವ ಆ ಸೋಮವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಬನಾ ಕಂಪಂಬ, ಅಂದರೆ ಕಂಪಂಬನ ತಾಯಿ, ಮೀನು ಮಾರುವ ಜಾಗದಿಂದ ಬರಿಗಾಲಲ್ಲಿ ಬಂದಳು. ಅವಳ ಅಪ್ಪ ಬಾ ಮ್ವೆವಾ ತೀರಿಕೊಂಡಿದ್ದರು. ಮಾರನೆಯ ಮಧ್ಯಾಹ್ನ ಮಣ್ಣು. ಅವಳ ತಮ್ಮ ಕಲಬ ಚಿಶಿ ದ್ವೀಪದಲ್ಲಿದ್ದಾನೆ, ರೇಡಿಯೊ ಬಿಟ್ಟರೆ ಅವನಿಗೆ ತಿಳಿಸುವ ದಾರಿಯಿಲ್ಲ. ಸತ್ತವರ ಹೆಸರು, ಮನೆ, ಹೊತ್ತು, ಬರಬೇಕಾದವರ ಹೆಸರು, ಇಷ್ಟನ್ನು ನಾನು ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತಿದ್ದಾಗ ಅವಳು ಪಕ್ಕದಲ್ಲಿ ಕುಳಿತು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು:

“ಬರ್ತಾನೋ ಇಲ್ವೋ. ಸೊಳ್ಳೆಪರದೇಲಿ ಮರಿ ಮೀನು ಬಾಚ್ತಾನೆ ಅಂತ ಅಪ್ಪಾನೇ ಹೋಗಿ ಸರ್ಕಾರದ ಮೀನು ಕಾವಲಿನವರಿಗೆ ಹೇಳಿ, ದಡದ ಮೇಲೆ ಅವನ ಬಲೆ ಸುಡಿಸ್ಬಿಟ್ರು. ಅವತ್ತು ದೋಣಿ ಹತ್ತಿದೋನು ಈ ಕಡೆ ತಲೆ ಹಾಕಿಲ್ಲ. ನಿನ್ನೆ ಅಪ್ಪ ನನ್ನ ಕೈ ಹಿಡ್ಕೊಂಡು, ಬಲೆ ಸುಡಿಸಿದ್ದು ತಪ್ಪಲ್ಲ, ಅವನೆದುರು ಸುಡಿಸಿದ್ದು ತಪ್ಪು ಅಂತ ಹೇಳು ಅವನಿಗೆ, ಅಂದ್ರು.”

ಮನೆಯ ಮಾತನ್ನು ರೇಡಿಯೊದಲ್ಲಿ ಓದುವಂತಿಲ್ಲ, ಅದು ಬಾ ಚಿಬೇಸ ಅವರ ಕಟ್ಟಳೆ. ಆದ್ದರಿಂದ ಅದನ್ನು ಕುಟ್ಟಲಿಲ್ಲ. ಉಳಿದದ್ದಕ್ಕೆ ‘ಇವತ್ತಿನದು’ ಎಂದು ಹೆಸರಿಟ್ಟು ತಮ್ಮ ಸುಪರ್ದಿಗೆ ಒಪ್ಪಿಸಿದೆ. ಮಧ್ಯಾಹ್ನ ಮೀನು ವ್ಯಾಪಾರಿಗಳ ಸಂಘದವರು ಸಭೆಯ ಸುದ್ದಿ ತಂದರು. ಅದೂ ಇವತ್ತಿನದೇ ಆದ್ದರಿಂದ ಅದಕ್ಕೂ ‘ಇವತ್ತಿನದು’ ಎಂದೇ ಹೆಸರಿಟ್ಟೆ. ಆಗ ತಾವು ಎಂದಿನ ವಿನಯದಿಂದ ಚೌಕ ತೆರೆದು, ಈ ಹೆಸರಿನದು ಮೊದಲೇ ಒಂದಿದೆ, ಅದರ ಮೇಲೆ ಬರೆಯಲೇ ಎಂದು ಕೇಳಿದಿರಿ. ಸೊಸೆ ಯೆಸ್ ಎಂದಳು.

ನಾಲ್ಕು ಗಂಟೆಗೆ ಶೋಕದ ಹಾಡು ಮುಗಿದು, ಕೆಂಪು ದೀಪ ಹತ್ತಿ, ಸರೋವರವೆಲ್ಲ ಕಿವಿಯಾಗಿ ಕುಳಿತಿದ್ದಾಗ, ನಾನು ತೆರೆದರೆ ಅಲ್ಲಿ ಐಸಿನ ಅಭಾವದ ಕುರಿತ ಸಭೆ! ಕಸದ ಬುಟ್ಟಿಗೆ ಕೈ ಹಾಕಿದೆ, ಖಾಲಿ. ಬಾಗಿಲಲ್ಲಿ ನಿಂತಿದ್ದ ಜೆರೆ ಮೇಷ್ಟ್ರು ಕೈಸನ್ನೆ ಮಾಡಿ ಪಿಸುಗುಟ್ಟಿದರು: “ಬಿಸಾಡಿದ್ದು ಬುಟ್ಟಿಗೆ ಹೋಗತ್ತೆ ಅಮ್ಮಾ. ಮೇಲೆ ಬರೆದಿದ್ದು ಎಲ್ಲಿಗೂ ಹೋಗಲ್ಲ. ಇಲ್ಲವೇ ಇಲ್ಲ.” ನಾನು ಬೇಡವೆಂದು ಎಸೆದ ತರಕಾರಿ ಪಟ್ಟಿಯನ್ನು ವಾರಗಟ್ಟಲೆ ಕಾಪಾಡುವ ತಾವು, ಬೇಕೆಂದು ಕೊಟ್ಟ ಮುದುಕನ ಸಾವನ್ನು ಗುಳುಂ ಮಾಡಿದಿರಿ. ತಮ್ಮ ವಿವೇಚನೆಗೆ ಶರಣು.

ಮೈಕಿನ ಮುಂದೆ ಸುಮ್ಮನೆ ಕೂತರೆ ಯಾರೋ ಸತ್ತಿದ್ದಾರೆ, ಯಾರೆಂದು ಗೊತ್ತಿಲ್ಲ ಎಂದು ಸರೋವರಕ್ಕೆಲ್ಲ ಹೆದರಿಕೆಯಾಗುತ್ತದೆ. ಕಣ್ಣು ಮುಚ್ಚಿದೆ. ಕಂಡದ್ದು ಬನಾ ಕಂಪಂಬಳ ಮುಖ. ಅದನ್ನೇ ಓದಿದೆ. ಅವರ ಹೆಸರು ಹೇಳಿದೆ, ಮನೆ ಹೇಳಿದೆ, ಹೊತ್ತು ಹೇಳಿದೆ. ನಾಲಿಗೆ ಅಲ್ಲಿಗೆ ನಿಲ್ಲಲಿಲ್ಲ. “ಚಿಶಿ ದ್ವೀಪದಲ್ಲಿರೋ ಕಲಬ, ಕೇಳು. ಬಲೆ ಸುಡಿಸಿದ್ದು ತಪ್ಪಲ್ಲ, ನಿನ್ನೆದುರು ಸುಡಿಸಿದ್ದು ತಪ್ಪು ಅಂತ ನಿಮ್ಮಪ್ಪ ಹೇಳಿ ಹೋಗಿದಾರೆ. ಬಾ.” ದೀಪ ಆರಿದ ಮೇಲೆ ಬಾ ಚಿಬೇಸ ಅವರು ಬಾಗಿಲು ದೂಡಿಕೊಂಡು ಬಂದು, “ಇದು ರೇಡಿಯೊನೋ, ನಿಮ್ಮ ನಲ್ಲಿಕಟ್ಟೆನೋ?” ಎಂದರು. ಕುರ್ಚಿ ಹೋಯಿತೆಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅತ್ತೆ.

ಮಾರನೆಯ ದಿನ ಸಾವಿನ ಮನೆಗೆ ಹೋದರೆ, ಹೆಂಗಸರ ನಡುವಿನಿಂದ ಬನಾ ಕಂಪಂಬ ಎದ್ದು ನಿಂತಳು. “ಬನ್ನಿ, ಬನ್ನಿ, ಊರ ಡಂಗುರ! ನಮ್ಮನೇಲಿ ಇನ್ನೇನೇನಿದೆ ಎಲ್ಲಾ ನೋಡ್ಕೊಂಡು ಹೋಗಿ, ನಾಳೆ ಓದಕ್ಕಾಗತ್ತೆ.” ತಲೆ ತಗ್ಗಿಸಿ ಕುಳಿತೆ. ಮಣ್ಣು ಮುಗಿದ ಮೇಲೆ, ಮೊಣಕಾಲಿನವರೆಗೆ ಕೆಸರು ಮೆತ್ತಿದ್ದ ಒಬ್ಬ ಗಂಡಸು ಗುದ್ದಲಿಯನ್ನು ಕೈಯಲ್ಲಿ ಹಿಡಿದೇ ನನ್ನ ಹತ್ತಿರ ಬಂದ. ಗಾಳಿಗೆ ಎದುರಾಗಿ ಹುಟ್ಟು ಹಾಕಿ ಬಂದವನ ಅಂಗೈ ಬೊಬ್ಬೆ ಎದ್ದಿತ್ತು.

“ಅಮ್ಮಾ, ಅಪ್ಪ ಅಂದಿದ್ದು ‘ಅವನೆದುರು’ ಅಂತಾನಾ, ‘ಎಲ್ಲರೆದುರು’ ಅಂತಾನಾ?”

“ಅವನೆದುರು ಅಂತ.”

“ಖಚಿತಾನಾ?”

ಮಹಾಶಯರೇ, ತಾವು ನನ್ನನ್ನು ನೂರಾರು ಸಲ ಕೇಳಿದ ಪ್ರಶ್ನೆ ಅದು. ಪ್ರಶ್ನೆಯನ್ನು ಪೂರ್ತಿ ಓದಿ, ಯೋಚಿಸಿ, ಹೌದು ಎಂದದ್ದು ಅದೇ ಮೊದಲು. ಕಲಬ ತಲೆಯಾಡಿಸಿ, ಗುದ್ದಲಿ ಕೆಳಗಿಟ್ಟು, ಗೋರಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಆಮೇಲೆ ಅವನ ಅಕ್ಕ ನನ್ನ ಮುಂದೆ ನ್ಶಿಮಾ ಮುದ್ದೆ, ಮೀನಿನ ಸಾರು ತಂದಿಟ್ಟು, “ತಿನ್ನಿ. ಬೈದಿದ್ದನ್ನೇನೂ ವಾಪಸ್ ತಗೊಳ್ಳಲ್ಲ” ಎಂದಳು. ಆದರೆ ನಾನು ತಿಂದು ಮುಗಿಸುವ ತನಕ ಪಕ್ಕದಲ್ಲೇ ಕುಳಿತಿದ್ದಳು.

ಅಲ್ಲಿಂದೀಚೆಗೆ ಸಾವಾದ ಮನೆಯವರೆಲ್ಲ ಬಂದು, “ಬಾ ಮ್ವೆವಾ ಅವರದು ಹೇಳಿದ ಹಾಗೇ ನಮ್ಮದೂ ಹೇಳಿ” ಎನ್ನತೊಡಗಿದ್ದಾರೆ. ಹೀಗಾಗಿ ನನ್ನ ಕುರ್ಚಿ ನನ್ನಲ್ಲೇ ಉಳಿದಿದೆ. ಕೀರ್ತಿ ಮಾತ್ರ ಸಲ್ಲಬೇಕಾದವರಿಗೇ ಸಂದಿದೆ: ಮೊನ್ನೆ ದಾನಿಗಳು ಬಂದಾಗ ಬಾ ಚಿಬೇಸ ಅವರು ತಮ್ಮ ತಲೆಯ ಕಸೂತಿ ಬಟ್ಟೆ ಸವರುತ್ತ, “ನೋಡಿ, ಕಂಪ್ಯೂಟರ್ ಬಂದ್ಮೇಲೆ ನಮ್ಮ ಸಾವಿನ ಸುದ್ದಿಗೇ ಒಂದು ಜೀವ ಬಂತು” ಎಂದರು. ತಾವು ಸಂಕೋಚಪಡದೆ ಗುರ್ ಎಂದಿರಿ.

ಆದಕಾರಣ ಎರಡೇ ಬಿನ್ನಹ. ನಾನು ಎಸೆದದ್ದನ್ನು ಕಾಯುವ ಶ್ರದ್ಧೆಯಲ್ಲಿ ಚೂರನ್ನು, ಕೊಟ್ಟದ್ದನ್ನು ಕಾಯುವುದಕ್ಕೂ ಬಳಸುವ ಕೃಪೆಯಾಗಲಿ. ಹಾಗೆಯೇ ತಮ್ಮ ಪ್ರಭಾವ ಮೇಲಿನವರೆಗೂ ನಡೆಯುವುದಾದರೆ, ಸಾವು ಯಾರದಾದರೂ ಮನೆಯ ಹೊಸ್ತಿಲು ದಾಟುವ ಮುನ್ನ ಅದರ ಮುಖಕ್ಕೂ ಆ ಚೌಕವನ್ನು ಹಿಡಿಯಿರಿ. ಅದೂ ನನ್ನ ಹಾಗೆ ಒಂದು ಸಲ ಒತ್ತಿ ಊಟಕ್ಕೆ ಹೋಗಲಿ, ಮಕ್ಕಳು ಅಷ್ಟರಲ್ಲಿ ದ್ವೀಪದಿಂದ ಬಂದು ಸೇರಲಿ.

ತಮ್ಮ ಇಲಿಯ ಬಾಲ ಹಿಡಿದು ಬದುಕುತ್ತಿರುವ,
ತಮ್ಮ ವಿಶ್ವಾಸಿ,
ಅಸ್ಟ್ರಿಡಾ ಕಪೆಂಬ್ವ

ತಾ.ಕ.: ಇದನ್ನು ಕಾಗದದ ಮೇಲೆ ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು, ತಾವು ಅರ್ಧ ಮಾತಿನಲ್ಲೇ ಕಣ್ಣು ಮುಚ್ಚಿದಿರಿ. ಎದ್ದ ಕೂಡಲೇ “ಕಳೆದ ಸಲ ನಮ್ಮನ್ನು ಸರಿಯಾದ ಕ್ರಮದಲ್ಲಿ ಮುಚ್ಚಲಿಲ್ಲ” ಎಂದು ಬಿಳಿ ಅಕ್ಷರದಲ್ಲಿ ನನ್ನ ಮೇಲೆ ದೂರು ಬರೆಯುತ್ತೀರೆಂದು ಬಲ್ಲೆ. ಬರೆಯಿರಿ. ಆದರೆ ಸ್ವಾಮೀ, ಸರಿಯಾದ ಕ್ರಮದಲ್ಲಿ, ಎಲ್ಲ ಮುಗಿಸಿ, ಎಲ್ಲರಿಗೂ ಹೇಳಿ ಮುಚ್ಚಿಕೊಳ್ಳುವ ಭಾಗ್ಯ ಈ ದಂಡೆಯ ಮೇಲೆ ಯಾರಿಗೆ ಸಿಕ್ಕಿದೆ, ತಮಗೊಬ್ಬರಿಗೆ ಸಿಗಲು?